ತಳಕ್ಕೆ ಬಿದ್ದ ಸಾಲು

ಪರದೆಯ ಮೇಲೆ ಅವನ ಹೆಸರು ಇರಲಿಲ್ಲ.

ಆಸ್ಟ್ರೇಲಿಯಾದ ನಡುಭಾಗದಲ್ಲಿ, ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕಿರುವ ನಮ್ಮೂರ ರೇಂಜರ್ ಕಚೇರಿಯ ಕೆಲಸದ ನಕ್ಷೆ ಅದು. ಒಬ್ಬೊಬ್ಬ ರೇಂಜರ್‌ಗೆ ಒಂದೊಂದು ಸಾಲು. ಕಾಡ್ಗಿಚ್ಚು ಹಬ್ಬದಂತೆ ಯಾವ ವಾರ ಯಾರು ಎಲ್ಲಿ ಒಣಹುಲ್ಲು ಸುಡಬೇಕು ಎಂಬುದಕ್ಕೆ ಬಣ್ಣದ ಪಟ್ಟಿಗಳು. ಕಂಪ್ಯೂಟರ್ ತನ್ನ ಪಾಡಿಗೆ ಅಕ್ಷರಮಾಲೆಯಂತೆ ಜೋಡಿಸಿ, ಹಿರಿಯರನ್ನು ಹುಡುಗರ ಕೆಳಗೆ ಕೂರಿಸುತ್ತಿತ್ತು. ಯಾರಿಗೂ ಅದು ಹಿಡಿಸಲಿಲ್ಲ. ಅವನೇ ಕೋಡ್ ಬರೆದು, ಹೆಸರುಗಳನ್ನು ಹಿರಿತನದ ಕ್ರಮಕ್ಕೆ ತಂದಿದ್ದ. ಅವನದು ನಾಲ್ಕನೆಯ ಸಾಲು.

ಫೋನೂ ಸಿಗದ ಕಡೆ ಹುಲ್ಲು ಸುಟ್ಟು ಈಗಷ್ಟೇ ಮರಳಿದ್ದ. ನೋಡಿದರೆ ನಾಲ್ಕನೆಯ ಜಾಗದಲ್ಲಿ ಬೇರೆಯವರು. ಅವನ ಪಟ್ಟಿಗಳು ತಳಕ್ಕೆ ಬಿದ್ದಿದ್ದವು, ಹೆಸರಿಲ್ಲದೆ.

ಒಬ್ಬರನ್ನು ಕೆಲಸದಿಂದ ತೆಗೆಯಬೇಕಾಗುತ್ತದೆ ಎಂದು ಮ್ಯಾನೇಜರ್ ಮೆರಿಡಿತ್ ಹೋದ ವಾರವೇ ಹೇಳಿದ್ದಳು. ಮನೆಯಲ್ಲಿ ಕೈಕೂಸು. ಈ ಕೆಲಸ ಹೋದರೆ ಬೇರೆ ಗತಿಯಿಲ್ಲ.

ಕೋಡ್ ತೆರೆದ. ಅವನು ಬರೆದ ಕ್ರಮ ಹಾಗೇ ಇತ್ತು. ಯಾರೋ ಮಾಹಿತಿಯಲ್ಲೇ ಹೆಸರು ಅಳಿಸಿದ್ದರು. ಹೆಸರು ಸಿಗದ ಸಾಲನ್ನು ಕೋಡ್ ಕೊನೆಗೆ ತಳ್ಳಿತ್ತು. ಅವನು ಮತ್ತೆ ಟೈಪ್ ಮಾಡಿದ, ಸಾಲು ಮೇಲೇರಿತು. ನೀರು ಕುಡಿದು ಬರುವಷ್ಟರಲ್ಲಿ ಮತ್ತೆ ತಳದಲ್ಲಿತ್ತು.

ಕಚೇರಿಯಲ್ಲಿ ಇದ್ದವಳು ಮಾರ್ಲೀನ್ ಒಬ್ಬಳೇ, ಅವನ ಅಪ್ಪನ ತಂಗಿ.

"ಅತ್ತೆ, ನೀನೇನಾ ಅಳಿಸಿದ್ದು?"

"ಹೂಂ ಕಣೋ. ಮತ್ತೆ ಹಾಕ್ಬೇಡ ಅದನ್ನ."

"ಮೆರಿಡಿತ್ ಹೇಳಿದ್ಲಾ?"

"ಅವಳಿಗೇನು ಗೊತ್ತು ನಮ್ಮ ವಿಚಾರ!"

"ಅಂದ್ರೆ ನನ್ನ ಹೊಟ್ಟೆ ಮೇಲೆ ನೀನೇ ಹೊಡೀತಿದ್ದೀಯಾ?"

ಅತ್ತೆ ಕಿಟಕಿಯಾಚೆ ದಾರಿ ನೋಡಿದಳು. ಅವನು ಹೊರಗೆ ಬಂದ. ಹೆಸರು ಹಿಡಿದು ಕೂಗಿ ಗೇಲಿ ಮಾಡುತ್ತಿದ್ದ ಗೆಳೆಯರು ಇಂದು ಸುಮ್ಮನೆ ತಲೆ ತಗ್ಗಿಸಿದರು. ಎಲ್ಲರಿಗೂ ಗೊತ್ತಿದೆ, ತನಗೊಬ್ಬನಿಗೇ ಗೊತ್ತಿಲ್ಲ. ಅವನು ಒಳಗೆ ಬಂದು ಅತ್ತೆಯ ಮುಂದೆ ಕುಸಿದು ಕೂತ.

"ಮೆರಿಡಿತ್ ಕಾಲಿಗಾದ್ರೂ ಬೀಳ್ತೀನಿ ಅತ್ತೆ. ನನ್ನ ತಪ್ಪೇನು ಅಂತ ಹೇಳು."

"ನಿನ್ನ ಕೆಲಸ ಎಲ್ಲಿಗೂ ಹೋಗಿಲ್ಲ ಮಗಾ." ಅತ್ತೆ ಅವನ ಪಕ್ಕ ಬಂದು ಕೂತಳು. "ಇಂಥ ಸುದ್ದಿ ಹಿರಿಯರೇ ಹೇಳ್ಬೇಕು, ನಿನ್ನ ದೊಡ್ಡಪ್ಪ ಬಂದು ಹೇಳ್ಬೇಕಿತ್ತು, ಅವನನ್ನೇ ಕಾಯ್ತಿದ್ದೆ. ಅಜ್ಜ ಹೋಗ್ಬಿಟ್ಟ ಕಣೋ, ನಿನ್ನೆ. ನಿಂಗೆ ತನ್ನ ಹೆಸರಿಟ್ಟ ಅಜ್ಜ."

ತೀರಿಕೊಂಡವರ ಹೆಸರನ್ನು ಈ ನೆಲದ ಮೂಲನಿವಾಸಿಗಳಾದ ನಾವು ಎತ್ತುವುದಿಲ್ಲ, ಅದೇ ಹೆಸರಿನವರು ಬದುಕಿದ್ದರೂ ಹಾಗೆ ಕರೆಯುವುದಿಲ್ಲ. ನಾನೂ ಇಲ್ಲಿ ಅವನನ್ನು ಹೆಸರು ಹಿಡಿದು ಕರೆದಿಲ್ಲ.