ಯಜಮಾನರ ಹಾರ್ಡ್ ಡಿಸ್ಕ್

ಗಂಡ ತೀರಿಕೊಂಡ ವರ್ಷವೇ ಸಿಡಿಲು ಹೊಡೆದು ಅವರ ಕಂಪ್ಯೂಟರ್ ಸುಟ್ಟುಹೋಯಿತು. ಹಾರ್ಡ್ ಡಿಸ್ಕ್ ಮಾತ್ರ ಉಳಿದಿತ್ತು. ಸರ್ವಮಂಗಳಮ್ಮ ಹೊಸ ಕಂಪ್ಯೂಟರ್ ತರಿಸಿ, ರಿಪೇರಿಯ ಮುನೀರನನ್ನು ಮನೆಗೆ ಕರೆಸಿದರು.

“ಎಲ್ಲಾ ಹೊಸದಾಗೇ ಹಾಕ್ಬಿಡ್ತೀನಮ್ಮ. ಹಳೇ ಡಿಸ್ಕನ್ನ ಹಾಗೇ ಕೂರಿಸಿದ್ರೆ ಶುರುವಾಗೋದೇ ಅನುಮಾನ.”

“ಬೇಡಪ್ಪ. ಅವರು ಹೇಗೆ ಬಿಟ್ಟುಹೋಗಿದ್ರೋ ಹಾಗೇ ಬರ್ಬೇಕು. ಒಂದೇ ಒಂದು ಸಲ ಆನ್ ಆದ್ರೆ ಸಾಕು.”

ಮುನೀರ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಜೋಡಿಸಿದ. ಬರೀ ನೀಲಿ ಪರದೆ ಬಂದು ನಿಂತಿತು. ಸೆಟ್ಟಿಂಗ್ ಬದಲಿಸಿ ಮತ್ತೆ ಮತ್ತೆ ನೋಡಿದ. ಆಕೆ ಸೆರಗು ಹಿಂಡುತ್ತಾ ಅವನ ಹಿಂದೆಯೇ ನಿಂತಿದ್ದರು.

ಕೊನೆಗೂ ಪರದೆ ತೆರೆಯಿತು. ಕಂಪ್ಯೂಟರ್ ಶುರುವಾದಾಗಲೆಲ್ಲ ಕೇಳಲೆಂದು ಯಜಮಾನರೇ ರೆಕಾರ್ಡ್ ಮಾಡಿಟ್ಟಿದ್ದ ದನಿ ಸ್ಪೀಕರಿನಿಂದ ಗಡುಸಾಗಿ ಹೊರಬಂತು:

“ಮಂಗಳಾ, ಮುಟ್ಟಬೇಡ. ನಿಂಗೆ ತಿಳಿಯಲ್ಲ.”

ಆಕೆಯನ್ನು ಆ ದನಿಯೊಂದಿಗೆ ಬಿಟ್ಟುಬಿಡೋಣವೆಂದು ಮುನೀರ ಕಣ್ಣೊರೆಸಿಕೊಂಡು ಬಾಗಿಲ ಕಡೆ ಸರಿದ.

“ಎಲ್ಲಿಗೆ ಹೊರಟೆ? ಬಾ ಇಲ್ಲಿ,” ಎಂದು ಸರ್ವಮಂಗಳಮ್ಮ ಕುರ್ಚಿ ಎಳೆದುಕೊಂಡು ಕೂತರು. “ಇದನ್ನ ನಾನೇ ಕೈಯಾರೆ ಅಳಿಸ್ಬೇಕು. ಯಾವ್ದನ್ನ ಒತ್ತಲಿ, ಹೇಳು.”