ಬೆಳಗಾಗದ ದಿನ

ಬಾರ್ಲಿ ಕೊಯ್ಲಿನ ಕಾಲ. ಕುಡುಗೋಲು ಹಿಡಿದವರು ಹೊಲದಲ್ಲೇ ಕಾದರು, ಸೂರ್ಯ ಹುಟ್ಟಲಿಲ್ಲ. ದೇವರಾಜ ಜ್ಯೂಸ್ ಅವನನ್ನು ತಡೆದಿದ್ದ. ಜ್ಯೂಸ್‌ನ ಮೇಲೆ ದಂಡೆತ್ತಿದ್ದ ತನ್ನ ದೈತ್ಯಮಕ್ಕಳ ಜೀವ ಉಳಿಸಬಲ್ಲ ಒಂದೇ ಒಂದು ಬೇರಿಗಾಗಿ ಭೂತಾಯಿ ಗೈಯಾ ಬೆಟ್ಟವೆಲ್ಲ ತಡಕಾಡಿದಳು. ಅದು ಅವಳ ಕಣ್ಣಿಗೆ ಬೀಳಬಾರದೆಂದೇ ಆ ಕತ್ತಲು. ಕೊನೆಗೆ ಕೈಗೆ ಸಿಕ್ಕಿದ್ದು ಅಗೆದ ಗುಂಡಿ. ಪಕ್ಕದಲ್ಲೇ ಬೇರು ಹಿಡಿದು ಜ್ಯೂಸ್ ನಿಂತಿದ್ದ, ಅವಳ ಮೊಮ್ಮಗ.

"ಕೊಡೋ ಮಗಾ, ಅವರೂ ನನ್ನ ಹೊಟ್ಟೇಲಿ ಹುಟ್ಟಿದೋರು."

"ಅದಕ್ಕೆ ಅವರ ಕೈಲಿ ನಾನು ಸಾಯ್ಲಾ ಅಜ್ಜಿ?"

"ನಿಮ್ಮಪ್ಪ ನಿನ್ನ ನುಂಗೋಕೆ ಬಂದಾಗ ಗವೀಲಿ ಬಚ್ಚಿಟ್ಟು ಸಾಕಿದ್ದು ಯಾರೋ?"

"ನೀನೇ."

ಹಾಗೆನ್ನುತ್ತಲೇ ಅವನು ಬೇರನ್ನು ಕಲ್ಲಿಗಿಟ್ಟು ಜಜ್ಜಿದ. ಅವಳು ಕಲ್ಲು ತಡವಿ ಚೂರುಗಳನ್ನು ಬಾಚಿಕೊಂಡಳು.

"ಈ ಕತ್ತಲಲ್ಲಿ ಹೆಂಗೋ ಗುರುತು ಹಿಡಿದೆ?"

"ಆ ಗವೀಲಿ ಬೆಳಕೆಲ್ಲಿತ್ತು ಅಜ್ಜಿ? ಮೂಸಿ ನೋಡೋದನ್ನ ನೀನೇ ಅಲ್ವಾ ಕಲಿಸಿದ್ದು?"