ಇನ್ನೂರು ಮೀಟರ್

ಕೈಗೆ ಬೆಲ್ಟು ಸುತ್ತಿಕೊಂಡ ಚನ್ನಬಸು ಬೆಳಿಗ್ಗೆಯಿಂದ ನಡೆಯುತ್ತಲೇ ಇದ್ದ, ಆದರೂ ಬೇವಿನ ಮರ ದಾಟಿರಲಿಲ್ಲ. ಹೆಂಡತಿ ದಾಕ್ಷಾಯಣಿಯ ಖಾನಾವಳಿಯಿಂದ ಆ ಮರ ಸರಿಯಾಗಿ ಇನ್ನೂರು ಮೀಟರ್. ಮೊದಲೆಲ್ಲ, ಅವಳಿಂದ ಅಷ್ಟು ದೂರ ಇರಬೇಕೆಂಬ ಕೋರ್ಟಿನ ರಕ್ಷಣಾ ಆದೇಶ ಕಾಗದದ ಮೇಲಿರುತ್ತಿತ್ತು. ಅವನು ಅದನ್ನು ಎರಡು ಸಲ ಹರಿದು ಒಲೆಗೆ ಹಾಕಿದ್ದ. ಹೊಸ ಕಾಯ್ದೆ ಬಂದ ಮೇಲೆ ಆದೇಶವನ್ನು ರಸ್ತೆಗೇ ಕೊಡುತ್ತಾರೆ. ಅವನು ಮುಂದೆ ನಡೆದಷ್ಟೂ ರಸ್ತೆ ಅವನನ್ನು ಹಿಂದಕ್ಕೆ ಒಯ್ಯುತ್ತದೆ.

"ಇವತ್ತು ಹೊಸಾ ಚಪ್ಲಿ ಹಾಕ್ಕೊಂಡು ಬಂದಾನವಾ," ಎಂದಳು ಪಕ್ಕದಲ್ಲಿ ಸೊಪ್ಪು ಮಾರುವ ಹುಸೇನಬಿ.

ದಾಕ್ಷಾಯಣಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಚೀಲ ಕೈಗೆತ್ತಿಕೊಂಡಳು. "ಕೊತ್ತಂಬ್ರಿ ತರ್ತೀನಿ."

"ನನ್ನ ಬುಟ್ಟಿ ತುಂಬಾ ಕೊತ್ತಂಬ್ರೀನ ಐತಲ್ಲ."

"ಪೊಲೀಸ್ ಠಾಣೆ ಕಡೆ ಚಲೋ ಸಿಗತೈತಿ."

ಠಾಣೆ ಇದ್ದದ್ದು ಚನ್ನಬಸುವಿನ ಬೆನ್ನ ಹಿಂದೆ. ಅವಳು ಮರದ ಕಡೆ ಒಂದೊಂದು ಹೆಜ್ಜೆ ಇಟ್ಟಂತೆ ರಸ್ತೆ ಅವನನ್ನು ಒಂದೊಂದು ಹೆಜ್ಜೆ ಹಿಂದೆ ಸರಿಸಿತು. ಚಹಾದಂಗಡಿಯವರು ಬೆಂಚು ಎತ್ತಿ ಅವನಿಗೆ ದಾರಿ ಬಿಟ್ಟರು. ಹಿಂದೆ ಸರಿಯುವುದು ಹೇಗಿರುತ್ತದೆಂದು ದಾಕ್ಷಾಯಣಿಗೆ ಗೊತ್ತಿತ್ತು. ಒಂಬತ್ತು ವರ್ಷ ಅವಳೂ ಹಾಗೆಯೇ ಸರಿದಿದ್ದಳು, ಅಡುಗೆಮನೆಯ ಗೋಡೆ ಬೆನ್ನಿಗೆ ತಾಗುವವರೆಗೆ.

ಠಾಣೆಯ ಹವಾಲ್ದಾರ ಬಾಗಿಲು ಪೂರ್ತಿ ತೆರೆದಿಟ್ಟ. ಬೆನ್ನು ಮುಂದಾಗಿ ಒಳಗೆ ಬರುವವರು ಈಚೆಗೆ ವಾರಕ್ಕೆ ಇಬ್ಬರಾದರೂ ಇರುತ್ತಾರೆ. ಸ್ವಲ್ಪ ಹೊತ್ತಿಗೆ ದಾಕ್ಷಾಯಣಿಯ ಫೋನು ಬಡಿದುಕೊಂಡಿತು, ಆ ಕಡೆ ಹವಾಲ್ದಾರ.

"ಅಕ್ಕಾರ, ಅವನ ಬೆನ್ನ ಗ್ವಾಡಿಗೆ ಹತ್ತೈತ್ರಿ. ನಿಲ್ರಿ."

"ಇನ್ನೊಂದ ಹೆಜ್ಜಿ ಇಡ್ಲೇನ್ರಿ?"

ಹವಾಲ್ದಾರ ಗೋಡೆಯನ್ನೊಮ್ಮೆ ನೋಡಿದ.

"ಬ್ಯಾಡ್ರಿ. ಗ್ವಾಡಿ ಸರಕಾರದ್ದೈತ್ರಿ."